ಅರ್ಧ ರೊಟ್ಟಿ

ಹೊಳೆದಂಡೆಯಲ್ಲಿ ಹಂಪವ್ವನ ಮಠ ಇತ್ತು. ಮಠ ಅಂದರೆ ದೊಡ್ಡದೇನಲ್ಲ. ಒಂದು ಕೋಣೆ, ಮುಂದೊಂದು ಪಡಸಾಲೆ, ಅಂಗಳದಲ್ಲಿ ಒಲೆ. ದೋಣಿ ಕಾಯುವವರು ಬಂದು ನೆರಳಿಗೆ ಕೂತರೆ ಹಂಪವ್ವ ಉಣ್ಣಲು ಹಾಕುತ್ತಿದ್ದಳು.

ಉಪದೇಶ ಕೇಳಿ ಬಂದವರಿಗೂ ಅದೇ. 'ಮೊದಲು ಉಣ್ಣು' ಅನ್ನುತ್ತಿದ್ದಳು. ಉಂಡು ಮುಗಿಸುವಷ್ಟರಲ್ಲಿ ದೋಣಿ ಬಂದಿರುತ್ತಿತ್ತು.

ಆದರೂ ಜನ ಆಕೆಯನ್ನು ಗುರು ಅಂತಲೇ ಕರೆದರು. ಹಿಡಿ ಬೇಳೆ ಹಾಕಿ ಹತ್ತು ಮಂದಿಗೆ ಸಾರು ಮಾಡುತ್ತಾಳೆ, ಉಂಡವರು ಬೆರಳು ನೆಕ್ಕಿಕೊಂಡು ಏಳುತ್ತಾರೆ ಅಂತ ಸುತ್ತಲ ಹಳ್ಳಿಗಳಲ್ಲಿ ಮಾತಿತ್ತು. ನನ್ನನ್ನು ಕೇಳಿದರೆ, ಗುರು ಅನ್ನಿಸಿಕೊಳ್ಳಲು ಅಷ್ಟು ಸಾಕು.

ಆ ಮಾತು ಕೇಳಿಯೇ ವಿರುಪಣ್ಣ ಒಂದು ಮುಂಜಾನೆ ಬಂದ. ಕಂಕುಳಲ್ಲಿ ಬಟ್ಟೆಯ ಗಂಟು.

"ಏನ್ ತಮ್ಮಾ, ದೋಣಿಗೆ ಬಂದಿಯೇನು?"

"ಇಲ್ರೀ ಅವ್ವಾರ. ಅಡಗಿ ಕಲೀಲಿಕ್ಕೆ ಬಂದೀನ್ರಿ."

ಹಂಪವ್ವ ಆತನ ಕೈ ನೋಡಿದಳು. ನೇಕಾರನ ಕೈ. ಬೆರಳ ತುದಿಗೆ ನೂಲಿನ ಬಣ್ಣ ಹತ್ತಿತ್ತು.

"ಮನ್ಯಾಗ ಹೆಣ್ಣಮಕ್ಕಳಿಲ್ಲೇನು?"

"ಹೆಂಡತಿ ಸಾತವ್ವ ತೀರಿಕೊಂಡು ನಾಕ ತಿಂಗಳಾತ್ರಿ. ಮೂರು ಮಕ್ಕಳದಾವ. ದೊಡ್ಡಾಕಿ ನೀಲವ್ವಗ ಹನ್ನೊಂದು. ನಡುವಿನಂವ ಸಿದ್ದಪ್ಪ. ಸಣ್ಣಾಕಿ ಪಾರವ್ವಗ ಇನ್ನೂ ನಾಕು ತುಂಬಿಲ್ಲ."

"ಮತ್ತ ಇಷ್ಟು ದಿನ ಅಡಗಿ ಯಾರು ಮಾಡಿದ್ರು?"

"ನಾನ ಮಾಡೀನ್ರಿ. ಆದ್ರ ಮಕ್ಕಳು ಉಣ್ಣವಲ್ರು. ಅರ್ಧಾ ಉಣ್ತಾರ, ಅರ್ಧಾ ಬಿಟ್ಟು ಏಳ್ತಾರ. ಕೇಳಿದ್ರ ರುಚಿ ಹತ್ತವಲ್ದು ಅಂತಾರ. ಮೂರೂ ಸೊರಗ್ಯಾವ್ರಿ."

ಆತ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ.

"ಹೆಂಡತಿ ಅಕ್ಕ ರಾಚವ್ವ ಹೋದ ಅಮಾಸಿಗೆ ಬಂದಿದ್ಲು. ಮಕ್ಕಳ ಪಕ್ಕೆಲುಬು ಮುಟ್ಟಿ ನೋಡಿದ್ಲು. ಬರೂ ಅಮಾಸಿಗೂ ಹಿಂಗ ಇದ್ರ ಮೂರನ್ನೂ ಕರಕೊಂಡು ಹೋಗ್ತೀನಿ, ನೀ ಅಡ್ಡ ಬರಬ್ಯಾಡ ಅಂದ್ಲು. ಆಕಿದು ತಪ್ಪಲ್ರೀ."

"ಅವು ಹೋದ್ರ?"

"ಹೋದ್ರ ಮನ್ಯಾಗ ಮಗ್ಗ, ನಾನು, ಇಬ್ಬರ."

ಹಂಪವ್ವ ಗಂಟಿನ ಕಡೆ ಕೈ ಮಾಡಿದಳು. "ಅದರಾಗೇನೈತಿ?"

ಬಿಚ್ಚಿ ತೋರಿಸಿದ. ಜೋಳದ ಹಿಟ್ಟು, ಹಿಡಿ ಕಡಲೆಹಿಟ್ಟು, ಎರಡು ಉಳ್ಳಾಗಡ್ಡಿ, ಚೀಟಿಯಲ್ಲಿ ಖಾರದಪುಡಿ.

"ಇದಕ್ಕಿಂತ ಹೆಚ್ಚಿಂದು ನನ್ನ ಕೈಲೆ ಆಗೂದಿಲ್ರೀ. ಇಷ್ಟರಾಗ ರುಚಿ ಹ್ಯಾಂಗ ತರೂದು, ಅದೊಂದು ಹೇಳಿಕೊಡ್ರಿ."

"ಮಾಡು," ಅಂದಳು ಹಂಪವ್ವ.

ವಿರುಪಣ್ಣ ರೊಟ್ಟಿ ಬಡಿದ. ಉಳ್ಳಾಗಡ್ಡಿ ಹುರಿದು ಕಡಲೆಹಿಟ್ಟಿನ ಜುಣಕ ಮಾಡಿದ. ಹಂಪವ್ವ ಒಂದು ಚೂರು ಬಾಯಿಗಿಟ್ಟುಕೊಂಡಳು.

"ಉಪ್ಪು ಸರಿ ಐತಿ. ಖಾರ ಸರಿ ಐತಿ. ರೊಟ್ಟಿ ಒಂದು ಕಡೆ ದಪ್ಪ ಆಗೇತಿ."

"ಅಷ್ಟ ಏನ್ರಿ?"

"ಅಷ್ಟ."

ವಿರುಪಣ್ಣನ ಮುಖ ಸಣ್ಣದಾಯಿತು. ಅಡುಗೆ ಕೆಟ್ಟಿದ್ದರೆ ತಿದ್ದಿಕೊಳ್ಳಬಹುದಿತ್ತು. ಸರಿಯಿದ್ದದ್ದನ್ನು ಮಕ್ಕಳು ಒಲ್ಲೆ ಅಂದರೆ ಏನು ಮಾಡುವುದು?

"ಅಮಾಸಿಗೆ ಎಂಟು ದಿನ ಐತಿ," ಅಂದಳು ಹಂಪವ್ವ. "ದಿನಾ ಬಾ."

ಆತ ದಿನಾ ಬಂದ. ನಸುಕಿಗೇ ಎದ್ದು ಮಗ್ಗದ ಕೆಲಸ ಒಂದಿಷ್ಟು ಮುಗಿಸಿ, ಮಕ್ಕಳನ್ನು ನೆರೆಮನೆಯ ಕಟ್ಟೆಯ ಮೇಲೆ ಕೂರಿಸಿ ಬರುತ್ತಿದ್ದ.

ಹಂಪವ್ವ ಕಲಿಸಿದಳು. ಬೇಳೆ ಬೇಯಿಸಿದ ನೀರು ಚೆಲ್ಲಬ್ಯಾಡ, ಬಸಿದು ಅದಕ್ಕ ಹುಣಸಿಹುಳಿ ಹಿಂಡು, ಸಾರಾಗ್ತೈತಿ ಅಂದಳು. ಉಳಿದ ಬೇಳೆಗೆ ಸೊಪ್ಪಿನ ದಂಟು ಹೆಚ್ಚಿ ಹಾಕು, ಪಲ್ಯ ಆಗ್ತೈತಿ ಅಂದಳು. ಅಗಸೆ ಹುರಿದು ಬೆಳ್ಳುಳ್ಳಿ ಇಟ್ಟು ಕುಟ್ಟುವುದನ್ನು ತೋರಿಸಿದಳು. ದಂಡೆಯ ಮೇಲೆ ತಾನಾಗಿ ಬೆಳೆದ ಸೊಪ್ಪಿನಲ್ಲಿ ಯಾವುದು ತಿನ್ನುವುದು, ಯಾವುದು ಬಿಡುವುದು ಅಂತ ಕೈ ಹಿಡಿದು ಹೇಳಿದಳು.

"ಎಣ್ಣಿ ಕಡಿಮಿ ಇದ್ದಾಗ ಒಗ್ಗರಣಿ ಕಡೀಕ ಹಾಕು. ಮಕ್ಕಳು ಬಾಗಿಲದಾಗ ಬಂದು ನಿಂತ ಮ್ಯಾಲ ಹಾಕು. ವಾಸನಿ ಅವರ ಮೂಗಿಗೆ ಹೋಗ್ಲಿ."

ಮರುದಿನ ಬಂದಾಗ ಕೇಳುತ್ತಿದ್ದಳು. "ಉಂಡ್ರೇನು?"

"ಅರ್ಧಾ."

ಮತ್ತೊಂದು ದಿನ. "ಉಂಡ್ರೇನು?"

"ಅರ್ಧಾ ರೀ."

ನಾಲ್ಕನೇ ದಿನ ವಿರುಪಣ್ಣ ಬಂದವನು ಒಲೆಯ ಹತ್ತಿರ ಹೋಗಲೇ ಇಲ್ಲ. ಮೆಟ್ಟಿಲ ಮೇಲೆ ಕೂತು ಹೊಳೆ ನೋಡಿದ.

"ಉಂಡು ಎದ್ದು ಕೈ ತೊಳಕೊಂಡು ಹೋಗಿಬಿಡ್ತಾರ್ರಿ," ಅಂದ. "ಒಂದು ಮಾತಿಲ್ಲ. ಮೂರು ಗಂಗಾಳ ಮುಂದಿಟ್ಟುಕೊಂಡು ನಾ ಒಬ್ಬನ ಕೂತಿರ್ತೀನಿ. ಸಾತವ್ವ ಇದ್ದಾಗ ಸಾರು ಕುದಿಯುವಾಗ ಒಂದು ಹನಿ ನನ್ನ ಅಂಗೈಗೆ ಹಾಕಿ, ಉಪ್ಪು ನೋಡ್ರಿ ಅಂತಿದ್ಲು. ಈಗ ಉಪ್ಪು ಸರಿ ಐತೋ ಇಲ್ಲೋ ಕೇಳಾಕ ಯಾರಿಲ್ಲ."

ಹಂಪವ್ವ ಸೊಪ್ಪು ಬಿಡಿಸುತ್ತಿದ್ದಳು. "ಮಕ್ಕಳು ಬಿಟ್ಟದ್ದು ಏನು ಮಾಡ್ತಿ?"

"ಚೆಲ್ಲಾಕ ಬರ್ತೈತೇನ್ರಿ? ನಾನ ತಿಂತೀನಿ. ಒಲಿ ಮುಂದ ನಿಂತುಕೊಂಡು."

"ಎಲ್ಲಾ?"

"ಎಲ್ಲಾ."

"ಅದಕ್ಕೂ ಮೊದಲು ಅವರ ಕೂಡ ಕೂತು ಉಂಡಿರ್ತಿ."

"ಇಲ್ರೀ. ಇರೂದ ಅಷ್ಟು. ಇದ್ದದ್ದೆಲ್ಲಾ ಅವರಿಗೆ ಬಡಿಸಿಬಿಡ್ತೀನಿ. ನಂದು ಆತು, ಅಡಗಿ ಮಾಡ್ತಾ ಉಂಡೆ ಅಂತ ಹೇಳ್ತೀನಿ."

ಹಂಪವ್ವನ ಕೈ ನಿಂತಿತು. ಆಕೆ ಆತನ ತೋಳು ನೋಡಿದಳು, ಕೊರಳು ನೋಡಿದಳು.

"ನೀ ಸೊರಗಿಲ್ಲಲ್ಲ ತಮ್ಮಾ."

ವಿರುಪಣ್ಣನಿಗೆ ಬೇಜಾರಾಯಿತು. ಹೆಂಡತಿ ಸತ್ತವನಿಗೆ ಆಡುವ ಮಾತೇ ಇದು? ಆದರೆ ಗುರುವಿನ ಎದುರು ಏನು ಹೇಳುವುದು ಅಂತ ಎದ್ದು ಒಳಗೆ ಹಿಟ್ಟಿನ ಡಬ್ಬಿ ತರಲು ಹೋದ.

ಒಳಗಿನ ಹಲಗೆಯ ಮೇಲೆ ಒಂದು ಕಂಚಿನ ಗಂಗಾಳ ಬೋರಲು ಬಿದ್ದಿತ್ತು. ಬಂದವರಿಗೆ ಬಡಿಸುವ ಗಂಗಾಳಗಳು ಹೊರಗೆ ಬಿಸಿಲಿಗೆ ಹೊಳೆಯುತ್ತಿದ್ದವು. ಇದರ ಮೇಲೆ ಮಾತ್ರ ಬೆರಳಷ್ಟು ಧೂಳು.

"ಇದು ಯಾರದ್ರಿ ಅವ್ವಾರ?"

"ನಂದು."

"ಧೂಳು ಹತ್ತೇತಲ್ರಿ."

"ಹತ್ಲಿ. ಹಿಟ್ಟು ತಗೊಂಡು ಬಾ."

ಆ ದಿನ ಹೊರಡುವಾಗ ಹಂಪವ್ವ ಹೇಳಿದಳು. "ಇವತ್ತ ಮನ್ಯಾಗ ಅಡಗಿಗೆ ಉಪ್ಪು ಹಾಕಬ್ಯಾಡ."

"ಏನ್ರಿ ಹಿಂಗಂದ್ರ? ಉಪ್ಪು ಹಾಕಿದ್ದ ಉಣ್ಣವಲ್ರು."

"ಹಾಕಬ್ಯಾಡ."

ಹಾಕಲಿಲ್ಲ. ಮರುದಿನ ಬಂದು ಹೇಳಿದ. "ಬಾಯಾಗ ಇಟ್ಟ ಕೂಡಲೇ ಮೂರೂ ಒಬ್ಬರ ಮುಖ ಒಬ್ಬರು ನೋಡಿದ್ರು. ಸಿದ್ದಪ್ಪ ಮುಖ ಕಿವಿಚಿದ. ಆದ್ರೂ ಅರ್ಧಾ ಉಂಡ್ರು."

"ಅರ್ಧಕ್ಕ ಕಡಿಮಿ?"

"ಇಲ್ರೀ. ಬರೋಬರಿ ಅರ್ಧಾ."

ಹಂಪವ್ವ ಒಳಗೆ ಹೋಗಿ ಒಂದು ಉಂಡೆ ಬೆಲ್ಲ, ಸೇರು ಗೋದಿರವೆ ತಂದು ಆತನ ಗಂಟಿನಲ್ಲಿ ಹಾಕಿದಳು. ಯಾರೋ ಭಕ್ತರು ಕೊಟ್ಟಿದ್ದು. "ಇವತ್ತ ಸಜ್ಜಕ ಮಾಡು. ಸಿಹಿ ಕೈಬಿಟ್ಟು ಹಾಕು. ರೊಟ್ಟಿನೂ ಮಾಡು. ಬಿಟ್ಟದ್ದನ್ನ ನೀ ತಿನಬ್ಯಾಡ, ಹಂಗ ಕಟ್ಟಿಕೊಂಡು ಬಾ."

ಮರುದಿನ ವಿರುಪಣ್ಣ ತಂದ ಬುತ್ತಿಯನ್ನು ಪಡಸಾಲೆಯಲ್ಲಿ ಬಿಚ್ಚಿದ. ಮೂರು ಅರ್ಧ ರೊಟ್ಟಿ, ಒಂದೊಂದರ ಮೇಲೂ ಒಂದಿಷ್ಟು ಪಲ್ಯ. ಮೂರು ಬಟ್ಟಲು, ಪ್ರತಿಯೊಂದರಲ್ಲಿ ಅರ್ಧ ಸಜ್ಜಕ.

"ಸಜ್ಜಕಾನೂ ಬಿಟ್ರು," ಅಂದ. "ಪಾರವ್ವ ಬಟ್ಟಲು ಎದಿಗೆ ಅವಚಿಕೊಂಡು ಅಳ್ತಿದ್ಲು. ಅಳ್ತಾ ಅಳ್ತಾ ಕೆಳಗಿಟ್ಲು."

"ಅಳುವಾಗ ಯಾರ ಮುಖ ನೋಡ್ತಿದ್ಲು?"

"ಅಕ್ಕನ ಮುಖ."

"ರೊಟ್ಟಿ ನೋಡು. ಹ್ಯಾಂಗ ಮುರಿದಾರ?"

ನಡುವೆ ನೆಟ್ಟಗೆ ಮುರಿದಿದ್ದರು. ಹಲ್ಲು ತಾಗಿರಲಿಲ್ಲ. ಮೇಲಿಟ್ಟ ಪಲ್ಯಕ್ಕೆ ಒಂದು ಬೆರಳೂ ಸೋಕಿರಲಿಲ್ಲ.

"ನೋಡಿದೆ," ಅಂದ ವಿರುಪಣ್ಣ. "ಮುಟ್ಟಾಕೂ ಹೇಸಿಗಿ ಆಗೇತಿ ಅವಕ್ಕ, ನನ್ನ ಕೈ ಅಡಗಿ."

ಆತ ಬುತ್ತಿಯನ್ನು ಆಚೆ ಸರಿಸಿದ.

"ನಾಡಿದ್ದು ಅಮಾಸಿ. ಕರಕೊಂಡು ಹೋಗ್ಲಿ ಬಿಡ್ರಿ. ರಾಚವ್ವನ ಕೈಯಾಗ ಸಾತವ್ವನ ಕೈರುಚಿ ಐತಿ. ಅಲ್ಲರ ಹೊಟ್ಟಿ ತುಂಬ ಉಣ್ಲಿ. ನಾ ಹ್ಯಾಂಗರ ಇರ್ತೀನಿ."

ಹಂಪವ್ವ ಸಮಾಧಾನದ ಮಾತು ಹೇಳಲಿಲ್ಲ. ಬುತ್ತಿಯನ್ನು ಮುಚ್ಚಿಟ್ಟಳು.

"ಇಲ್ಲೇ ಕೂಡು. ಇವತ್ತ ನಾ ಮಾಡ್ತೀನಿ, ನೀ ಉಣ್ಣು."

ಆಕೆ ಒಲೆ ಹೊತ್ತಿಸಿದಳು. ಡಬ್ಬಿಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು. ಅದನ್ನು ನಾದಿ ಒಂದೇ ಒಂದು ರೊಟ್ಟಿ ಬಡಿದಳು. ಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಹಾಕಿದಾಗ ಬೆಳ್ಳುಳ್ಳಿಯ ವಾಸನೆ ದಂಡೆಯವರೆಗೆ ಹೋಯಿತು. ಆತ ಮುಂಜಾನೆಯಿಂದ ಆಕೆಯ ಬಗಲಲ್ಲೇ ಇದ್ದ. ಆಕೆ ಒಂದು ಗುಟುಕು ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಿರಲಿಲ್ಲ.

ರೊಟ್ಟಿ, ಪಲ್ಯ ಎರಡನ್ನೂ ಆತನ ಗಂಗಾಳಕ್ಕೆ ಹಾಕಿ, ಗಡಿಗೆಯನ್ನು ಬೋರಲು ಹಾಕಿದಳು.

"ನಿಮಗ್ರಿ?"

"ನಂದು ಆತು. ಅಡಗಿ ಮಾಡ್ತಾ ಉಂಡೆ."

ವಿರುಪಣ್ಣ ಆಕೆಯ ಒಣಗಿದ ತುಟಿ ನೋಡಿದ. ಬೋರಲು ಬಿದ್ದ ಗಡಿಗೆ ನೋಡಿದ. ರೊಟ್ಟಿ ಮುರಿದು ಉಣ್ಣತೊಡಗಿದ. ಹಸಿದಿದ್ದ, ಪಲ್ಯ ರುಚಿಯಾಗಿತ್ತು. ಆದರೂ ನಾಲ್ಕು ತುತ್ತಿನ ಮೇಲೆ ಕೈ ತಾನಾಗಿ ನಿಂತಿತು.

"ಯಾಕ?"

"ಸಾಕ್ರೀ ಅವ್ವಾರ."

"ರುಚಿ ಇಲ್ಲೇನು?"

"ರುಚಿ..." ಅಂದ ವಿರುಪಣ್ಣ. ಹತ್ತವಲ್ದು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆತ ತಲೆ ತಗ್ಗಿಸಿ ಗಂಗಾಳ ನೋಡಿದ. ಅದರಲ್ಲಿ ಅರ್ಧ ರೊಟ್ಟಿ ಇತ್ತು. ನಡುವೆ ನೆಟ್ಟಗೆ ಮುರಿದದ್ದು. ಪಲ್ಯದ ಅರ್ಧವನ್ನು ಬೆರಳು ಸೋಕದ ಹಾಗೆ ಒಂದು ಕಡೆಗೆ ಸರಿಸಿಟ್ಟಿದ್ದ.

ಹೊಳೆಯಲ್ಲಿ ದೋಣಿಯವನು ಯಾರನ್ನೋ ಕೂಗಿ ಕರೆದ. ಆಚೆ ದಂಡೆಯಿಂದ ಯಾರೋ ಓಗೊಟ್ಟರು. ವಿರುಪಣ್ಣ ಆ ಅರ್ಧ ರೊಟ್ಟಿಯನ್ನು ಕೈಗೆತ್ತಿಕೊಂಡ.

"ನನಗಂತ ಬಿಟ್ಟಾರ," ಅಂದ. "ನಾಕ ತಿಂಗಳು ನನಗಂತ ಬಿಟ್ಟಾರ."

"ಹೂಂ."

"ಅವರ ಪಾಲು ನಾ ತಿಂದೀನ್ರಿ."

"ಮೂರು ಅರ್ಧಾ ಕೂಡಿದ್ರ ಅವರು ಒಬ್ಬೊಬ್ಬರು ಉಣ್ಣೂದಕ್ಕಿಂತ ನಿಂದ ಹೆಚ್ಚು ತಮ್ಮಾ."

ಆತ ಎಡಗೈಯಿಂದ ಮುಖ ಮುಚ್ಚಿಕೊಂಡ. "ಮೊದಮೊದಲು ನೀಲವ್ವ ಕೇಳಿದ್ಲು. ಅಪ್ಪಾ, ನಿನ್ನ ಗಂಗಾಳ ಎಲ್ಲಿ ಅಂತ. ಸುಮ್ಮನ ಉಣ್ಣು ಅಂತ ಗದರಿಸಿದೆ."

"ಮತ್ತ ಕೂಸು ಏನು ಮಾಡಬೇಕು?"

"ನೀವು ಮೊದಲ ಹೇಳಬಹುದಿತ್ತಲ್ರಿ."

"ಹೇಳಿದ್ರ ನೀ ಮನಿಗೆ ಹೋಗಿ ಮತ್ತ ಅವರನ್ನ ಗದರಿಸ್ತಿದ್ದಿ."

ಅದು ನಿಜ. ಆತ ಮುಖದಿಂದ ಕೈ ತೆಗೆದ. ಆಮೇಲೆ ಕೇಳಿದ. "ನಿಮಗ ಹ್ಯಾಂಗ ತಿಳೀತ್ರಿ?"

ಹಂಪವ್ವ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದಳು.

"ನನಗೂ ಇಬ್ಬರು ಮಕ್ಕಳು. ಮನ್ಯಾಗ ಏನೂ ಇಲ್ಲದ ದಿನಗಳು. ನಾನೂ ನಂದು ಆತು ಅಂದೆ. ದಿನಾ ಅಂದೆ."

"ಅವರೂ ಅರ್ಧಾ ಬಿಟ್ರೇನ್ರಿ?"

"ಇಲ್ಲ. ನನ್ನ ಮಕ್ಕಳು ನಂಬಿದ್ರು."

ವಿರುಪಣ್ಣ ಒಳಗಿನ ಹಲಗೆಯ ಕಡೆ ನೋಡಿದ.

"ಈಗ ಇಬ್ಬರ ಮನ್ಯಾಗೂ ತುಂಬೇತಿ," ಅಂದಳು ಹಂಪವ್ವ. "ಹೋದ್ರ ಮರ್ಯಾದಿ ಮಾಡ್ತಾರ, ಸೀರಿ ಕೊಡ್ತಾರ. ಆದ್ರ ಎಲ್ಲಾರೂ ಉಣ್ಣಾಕ ಕೂಡುವಾಗ ನನ್ನ ಗಂಗಾಳ ಹಾಕೂದು ಅವರಿಗೆ ನೆನಪಾಗೂದಿಲ್ಲ. ಅವ್ವಂದು ಆಗಿರ್ತೈತಿ ಅಂತ ತಿಳೀತಾರ. ತಪ್ಪು ಅವರದಲ್ಲ. ನಾನ ಕಲಿಸೀನಿ."

ಆಕೆ ಎದ್ದು ಸೆರಗು ಕೊಡವಿದಳು.

"ಹೋಗು. ನಾಕು ಗಂಗಾಳ ಹಾಕು. ಇರೂದು ಅಷ್ಟ ಐತಿ, ನಾಕು ಪಾಲು ಮಾಡು. ಈಗ ಉಣ್ಣೂದಕ್ಕಿಂತ ಹೆಚ್ಚ ಬರ್ತೈತಿ ಮಕ್ಕಳಿಗೆ."

ಆ ಸಂಜೆ ವಿರುಪಣ್ಣ ನಾಲ್ಕು ಗಂಗಾಳ ಹಾಕಿದ. ನೀಲವ್ವ ನಾಲ್ಕನೆಯದನ್ನು ನೋಡಿದಳು. ರೊಟ್ಟಿ ಮುರಿಯದೆ ಅಪ್ಪನ ಕೈಯನ್ನೇ ನೋಡುತ್ತ ಕೂತಳು. ಸಣ್ಣವರಿಬ್ಬರು ಅಕ್ಕನನ್ನು ನೋಡುತ್ತ ಕೂತರು.

ವಿರುಪಣ್ಣ ಒಂದು ತುತ್ತು ಬಾಯಿಗಿಟ್ಟ. ಅಗಿದ. ನುಂಗಿದ. ಅದು ಗಂಟಲಿಂದ ಇಳಿದದ್ದನ್ನು ನೋಡಿಕೊಂಡೇ ನೀಲವ್ವ ತನ್ನ ರೊಟ್ಟಿಗೆ ಕೈ ಹಾಕಿದಳು.

ಆಮೇಲೆ ಯಾರೂ ಅರ್ಧಕ್ಕೆ ನಿಲ್ಲಲಿಲ್ಲ. ಪಾರವ್ವ ಗಂಗಾಳವನ್ನು ಬೆರಳಿಂದ ಒರೆಸಿ ನೆಕ್ಕಿದಳು.

"ಹ್ಯಾಂಗ ಆಗೇತಿ?" ಅಂತ ಕೇಳಿದ ವಿರುಪಣ್ಣ.

"ಉಪ್ಪು ಒಂಚೂರು ಹೆಚ್ಚಾಗೇತಿ ಅಪ್ಪಾ," ಅಂದಳು ನೀಲವ್ವ.

ನಾಲ್ಕು ತಿಂಗಳ ಮೇಲೆ ಆ ಮನೆಯಲ್ಲಿ ಒಬ್ಬರು ಉಪ್ಪಿನ ಮಾತಾಡಿದ್ದರು. ವಿರುಪಣ್ಣ ನೀರು ತರುವ ನೆಪ ಮಾಡಿ ಎದ್ದು ಹೋಗಿ ಗೋಡೆ ಹಿಡಿದು ಅತ್ತ.

ಅಮಾವಾಸ್ಯೆಗೆ ರಾಚವ್ವ ಬಂದಳು. ಮಕ್ಕಳ ಬಟ್ಟೆ ತುಂಬಲು ದೊಡ್ಡ ಚೀಲ ತಂದಿದ್ದಳು. ವಿರುಪಣ್ಣ ಐದು ಗಂಗಾಳ ಹಾಕಿದ. ಇದ್ದದ್ದು ರೊಟ್ಟಿ, ದಂಟಿನ ಪಲ್ಯ, ಅಗಸೆ ಹಿಂಡಿ, ಬೇಳೆ ಕಟ್ಟಿನ ಸಾರು.

ಎಲ್ಲರೂ ಉಂಡರು. ಸಿದ್ದಪ್ಪ ಎರಡು ಸಲ ಸಾರು ಕೇಳಿದ. ಉಂಡ ಮೇಲೆ ರಾಚವ್ವ ಪಾರವ್ವನನ್ನು ಹತ್ತಿರ ಕರೆದು ಪಕ್ಕೆಲುಬು ಮುಟ್ಟಿ ನೋಡಿದಳು.

"ಇನ್ನೂ ಹಂಗ ಅದಾವಲ್ಲ."

"ಹೌದಕ್ಕಾ," ಅಂದ ವಿರುಪಣ್ಣ.

ರಾಚವ್ವ ಒಂದರೊಳಗೊಂದು ಇಟ್ಟಿದ್ದ ಐದು ಬರಿದಾದ ಗಂಗಾಳಗಳ ಕಡೆ ನೋಡಿದಳು. ಆಕೆಯೂ ಮಕ್ಕಳನ್ನು ಸಾಕಿದವಳು.

"ಬರೂ ಅಮಾಸಿಗೆ ಮತ್ತ ಬರ್ತೀನಿ," ಅಂದಳು. ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದಳು.

ಮರುದಿನ ಹೊತ್ತು ಇಳಿಯುವಾಗ ವಿರುಪಣ್ಣ ಮೂರು ಮಕ್ಕಳನ್ನೂ ಕರೆದುಕೊಂಡು ಹೊಳೆದಂಡೆಗೆ ಬಂದ. ಕೈಯಲ್ಲಿ ಬುತ್ತಿ. ಕೊನೆಯ ದೋಣಿ ಹೋಗಿಬಿಟ್ಟಿತ್ತು. ಹಂಪವ್ವ ಒಬ್ಬಳೇ ಮೆಟ್ಟಿಲ ಮೇಲೆ ಕೂತು ನೀರು ನೋಡುತ್ತಿದ್ದಳು. ಆ ದಿನ ಉಣ್ಣಲು ಯಾರೂ ಬಂದಿರಲಿಲ್ಲ.

ಮಕ್ಕಳನ್ನು ಕಂಡು ಎದ್ದಳು. ನಾಲ್ಕು ಗಂಗಾಳ ತಂದು ಪಡಸಾಲೆಯಲ್ಲಿ ಹಾಕಿ, ಬುತ್ತಿ ಬಿಚ್ಚಿ ಒಬ್ಬೊಬ್ಬರಿಗೆ ಒಂದೊಂದು ರೊಟ್ಟಿ ಇಟ್ಟಳು. ಪಲ್ಯ ಹಾಕಿದಳು.

"ಉಣ್ರಿ."

ನೀಲವ್ವ ಮುಖ ಎತ್ತಿದಳು. "ಆಯೀ, ನಿಂದು?"

"ನಂದು ಆತವ್ವ," ಅಂದಳು ಹಂಪವ್ವ.

ಎಷ್ಟೋ ವರ್ಷಗಳ ರೂಢಿ. ಬಾಯಿಂದ ಬಂದ ಮೇಲೆ ಆಕೆಗೇ ತಿಳಿಯಿತು. ವಿರುಪಣ್ಣ ತಲೆ ತಗ್ಗಿಸಿದ.

ನೀಲವ್ವ ತನ್ನ ರೊಟ್ಟಿಯನ್ನು ನಡುವೆ ಮುರಿದಳು. ಅರ್ಧವನ್ನು ಗಂಗಾಳದ ಅಂಚಿಗೆ ಸರಿಸಿಟ್ಟಳು. ಸಿದ್ದಪ್ಪ ಅಕ್ಕನನ್ನು ನೋಡಿ ತನ್ನದನ್ನೂ ಮುರಿದ. ಪಾರವ್ವ ಎರಡೂ ಚೂರುಗಳನ್ನು ಹಿಡಿದು ಯಾವುದು ದೊಡ್ಡದು ಅಂತ ಅಳೆದು ನೋಡಿ, ಸ್ವಲ್ಪ ಸಣ್ಣದನ್ನು ಅಂಚಿಗಿಟ್ಟಳು. ಮೂವರೂ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತರು.

"ಯಾಕವ್ವ ಉಣ್ಣವಲ್ರಿ?" ಅಂದಳು ಹಂಪವ್ವ. ದನಿ ಸಣ್ಣದಾಗಿತ್ತು.

"ರುಚಿ ಹತ್ತವಲ್ದು ಆಯಿ," ಅಂದಳು ನೀಲವ್ವ.

ಹಂಪವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ಒಳಗೆ ಹೋಗಿ, ಹಲಗೆಯ ಮೇಲಿನ ಗಂಗಾಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಮಕ್ಕಳನ್ನು ದಾಟಿ ಹೊಳೆಯ ಮೆಟ್ಟಿಲ ಕಡೆ ನಡೆದಳು.

"ತಡೀರಿ," ಅಂದಳು. "ಧೂಳು ಹತ್ತೇತಿ. ತೊಳಕೊಂಡು ಬರ್ತೀನಿ."